ಹಳೆಯ ವಿಮಾನಕ್ಕೆ ರೆಕ್ಕೆ ಕೊಟ್ಟ ಕೈ ಯಾರದು?

ಮೂಲೆ ಸೇರಿದ್ದ ಹಳೆಯ ವಿಮಾನವೊಂದು ಮತ್ತೆ ಆಕಾಶಕ್ಕೆ ಏರಿತೆಂದರೆ ಮಾರನೆಯ ದಿನದ ಪತ್ರಿಕೆಗಳಲ್ಲಿ ಮೂವರ ಚಿತ್ರ ತಪ್ಪದೆ ಬರುತ್ತದೆ. ಹಣ ಕೊಟ್ಟ ದೊಡ್ಡ ಮನುಷ್ಯರದು ಒಂದು, ಹಾರಿಸಿದ ಪೈಲಟರದು ಒಂದು, ಹಾರ ಹಾಕಿಸಿಕೊಂಡ ಮಂತ್ರಿಗಳದು ಒಂದು. ಆ ವಿಮಾನದ ಕೆಟ್ಟ ತಗಡನ್ನು ಅಂಗುಲ ಅಂಗುಲವಾಗಿ ತಟ್ಟಿ ನೋಡಿ, ಹಾಳಾದದ್ದನ್ನು ಕತ್ತರಿಸಿ ತೆಗೆದು, ಹೊಸದನ್ನು ರಿವೆಟ್ಟು ಹೊಡೆದು ಕೂರಿಸಿದವನ ಚಿತ್ರ ಎಲ್ಲಿ? ಲೋಟ ತೊಳೆಯುವುದರಿಂದ ಶುರು ಮಾಡಿ, ಸಪ್ಲೈಯರಾಗಿ, ಕಡೆಗೆ ದೋಸೆಯ ಕಲ್ಲಿನ ಮುಂದೆ ನಿಂತ ನನ್ನಂಥವನಿಗೆ ಇದು ಹೊಸ ಸಂಗತಿಯೇನಲ್ಲ. ದೋಸೆ ಚೆನ್ನಾಗಿದ್ದರೆ ಗಲ್ಲಾದಲ್ಲಿ ಕೂತವರಿಗೆ ಶಹಬಾಸ್. ಸೀದುಹೋದರೆ ಒಳಗಿನವನಿಗೆ ಬೈಗುಳ. ಆದರೆ ವಿಮಾನದ ವಿಷಯದಲ್ಲಿ ಈ ಅನ್ಯಾಯ ಬರಿಯ ಮರ್ಯಾದೆಯ ಪ್ರಶ್ನೆಯಾಗಿ ನಿಂತಿಲ್ಲ. ಕೆಲಸಗಾರನನ್ನು ಮರೆತ ದೇಶ ಕೆಲಸವನ್ನೇ ಪರದೇಶಕ್ಕೆ ಕಳುಹಿಸಿಕೊಟ್ಟಿತು. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಹೋಟೆಲಿನವನಿಗೆ ವಿಮಾನದ ಉಸಾಬರಿ ಏಕೆ ಎಂದು ಕೇಳುವ ಗೆಳೆಯರಿದ್ದಾರೆ. ನಮ್ಮಲ್ಲಿ ಬಹುಮಂದಿ ವಿಮಾನ ಹತ್ತಿದವರಲ್ಲ. ಮೇಲೆ ಸದ್ದಾದಾಗ ತಲೆಯೆತ್ತಿ ನೋಡಿದವರು. ಹಳೆಯ ವಿಮಾನ ಹಾರಿಸುವುದು ಸಿರಿವಂತರ ಶೋಕಿ, ಕುದುರೆ ಜೂಜಿನ ಜಾತಿಗೆ ಸೇರಿದ್ದು ಎಂಬ ಮಾತು ನಮ್ಮ ಸಭೆಗಳಲ್ಲೂ ಬಂದಿದೆ. ಬಂಧುಗಳೇ, ಹಾಗೆಂದುಕೊಂಡು ನಾವು ಸುಮ್ಮನಿದ್ದುದರಿಂದಲೇ ಅದು ಸಿರಿವಂತರ ಕೈಯಲ್ಲಿ ಉಳಿದಿದೆ. ಮುರಿದು ಬಿದ್ದ ವಿಮಾನಗಳನ್ನು ಹಾರುವಂತೆ ಮಾಡುವ ಕೆಲಸವನ್ನು ಸ್ವತಂತ್ರ ಭಾರತದಲ್ಲಿ ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಸಂಬಳಕ್ಕೆ ದುಡಿಯುವ ಜನ. ಅದೂ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯ ಜನ. ಇದು ಎಷ್ಟು ಮಂದಿ ಕನ್ನಡಿಗರಿಗೆ ಗೊತ್ತು?

ಇದನ್ನು ನಾನು ಬರೆಯುತ್ತಿರುವುದು ಕೊಂಡಪಲ್ಲಿಯಲ್ಲಿ ಕೂತು. ವಿಜಯವಾಡದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರನ್ನು ಕಂಡು ಮಾತಾಡಿಸಲು ಬಂದವನು, ಅವರ ರಜೆಯ ದಿನ ಅವರ ಜತೆಯಲ್ಲಿ ಇಲ್ಲಿಗೂ ಬಂದೆ. ಕೊಂಡಪಲ್ಲಿ ಎಂದರೆ ಬೊಂಬೆ. ನಮ್ಮ ಚನ್ನಪಟ್ಟಣ ಇದ್ದ ಹಾಗೆ. ಆದರೆ ಚನ್ನಪಟ್ಟಣದಲ್ಲಿ ಮರವನ್ನು ಯಂತ್ರಕ್ಕೆ ಕೊಟ್ಟು ತಿರುಗಿಸಿ ಅರಗಿನ ಬಣ್ಣ ಹಚ್ಚುತ್ತಾರೆ. ಇಲ್ಲಿ ತೆಲ್ಲ ಪೊಣಿಕಿ ಎಂಬ ಹಗುರವಾದ ಮರವನ್ನು ಕೈಯಲ್ಲೇ ಕೆತ್ತುತ್ತಾರೆ. ಆನೆಗೆ ಕಾಲು ಬೇರೆ, ಸೊಂಡಿಲು ಬೇರೆ, ಅಂಬಾರಿ ಬೇರೆ. ಹುಣಿಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಒಂದಕ್ಕೊಂದು ಕೂಡಿಸಿ, ಸಂದು ಕಾಣದ ಹಾಗೆ ತೀಡಿ, ಆಮೇಲೆ ಬಣ್ಣ. ಒಬ್ಬ ವೃದ್ಧರು ಸೊಂಡಿಲು ಮುರಿದ ಹಳೆಯ ಆನೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಬಣ್ಣದ ಡಬ್ಬಿಗೆ ಕೈ ಹಾಕುವ ಮೊದಲು ಆನೆಯ ಮೈಯನ್ನೆಲ್ಲ ಉಗುರಿನಿಂದ ತಟ್ಟುತ್ತಾ ಕಿವಿಗೊಟ್ಟು ಕೇಳುತ್ತಿದ್ದರು. ಏನು ತಾತಗಾರು ಎಂದು ಕೇಳಿದರೆ, ಒಳಗೆ ಹುಳು ತಿಂದಿದೆಯೋ ಇಲ್ಲವೋ ಎಂಬುದು ಮೊದಲು ಗೊತ್ತಾಗಬೇಕು, ಮೈ ಗಟ್ಟಿಯಿದ್ದರೆ ಸೊಂಡಿಲು ಎಷ್ಟು ಹೊತ್ತಿನ ಕೆಲಸ ಎಂದರು. ಹಳೆಯ ವಿಮಾನದ ಕೆಲಸವೂ ಮೊದಲಾಗುವುದು ಹೀಗೆಯೇ. ಒಳಗೆ ಏನು ತಿಂದಿದೆ ಎಂದು ನೋಡಬಲ್ಲವನೇ ಕೆಲಸಗಾರ. ಮೇಲೆ ಬಣ್ಣ ಬಳಿಯಲು ಯಾರಾದರೂ ಆದೀತು.

ಜತೆಗಿದ್ದ ಹುಡುಗರಲ್ಲಿ ಒಬ್ಬನು ಹಿಂದೆ ವಿಶಾಖಪಟ್ಟಣದಲ್ಲಿ ಕೆಲಸಕ್ಕಿದ್ದವನು. ಬೊಂಬೆ ನೋಡುತ್ತಾ ಅಲ್ಲಿಯ ಕಡಲ ದಂಡೆಯ ವಿಮಾನದ ಮಾತು ತೆಗೆದ. ಟಿ.ಯು.-142 ಎಂಬ ಭಾರಿ ವಿಮಾನ ಅದು. ನಮ್ಮ ನೌಕಾಪಡೆಯಲ್ಲಿ 1988ರಿಂದ ಕಡಲನ್ನು ಕಾಯ್ದು, 2017ರ ಮಾರ್ಚಿಯಲ್ಲಿ ಅರಕ್ಕೋಣದಲ್ಲಿ ನಿವೃತ್ತಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳ ಹಸ್ತದಿಂದ ಮ್ಯೂಸಿಯಂ ಆಗಿ ತೆರೆಯಿತು. ಜನ ಟಿಕೆಟ್ಟು ತೆಗೆದುಕೊಂಡು ಹೊಟ್ಟೆಯೊಳಗೆ ನಡೆದು ನೋಡಿ ಬರುತ್ತಾರೆ. ಎದುರಿಗೇ ಕುರ್ಸುರಾ ಜಲಾಂತರ್ಗಾಮಿಯೂ ಇದೆ. "ಅಣ್ಣಾ, ಅದನ್ನು ಮತ್ತೆ ಹಾರಿಸಲು ಬರುವುದಿಲ್ಲವೇ?" ಎಂದು ಹುಡುಗ ಕೇಳಿದ. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದನ್ನು ಹಾರಿಸಬೇಕೆಂದು ನಾನೇನೂ ಬೇಡಿಕೆ ಇಡುತ್ತಿಲ್ಲ. ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ಅಲ್ಯೂಮಿನಿಯಂ ಎಷ್ಟು ದಿನ ತಾಳೀತು ಎಂಬುದೇ ದೊಡ್ಡ ಚಿಂತೆ. ಆದರೆ ನಿಲ್ಲಿಸಿದ ವಿಮಾನವೂ ಹಾರುವ ವಿಮಾನವೂ ಒಂದೇ ಅಲ್ಲ ಎಂಬುದನ್ನು ಆ ಹುಡುಗ ಯಾರೂ ಹೇಳಿಕೊಡದೆ ತಿಳಿದಿದ್ದ. ನಿಲ್ಲಿಸಿದ್ದಕ್ಕೆ ಬಣ್ಣ ಸಾಕು. ಹಾರುವುದಕ್ಕೆ ಕೆಲಸ ಬೇಕು.

ಇನ್ನು ಬೆಂಗಳೂರಿನ ಕತೆಗೆ ಬರೋಣ. ಆದರೆ ಅದು ಶುರುವಾಗುವುದು ಕಾನ್ಪುರದಲ್ಲಿ.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಬ್ರಿಟಿಷರ ವಾಯುಪಡೆಯ ಬಳಿ ಇಲ್ಲಿ ಅಮೆರಿಕದ ಲಿಬರೇಟರ್ ಎಂಬ ಬಾಂಬರ್ ವಿಮಾನಗಳು ರಾಶಿ ಬಿದ್ದಿದ್ದವು. ಅವು ಅಮೆರಿಕ ಯುದ್ಧದ ಸಾಲದ ಕರಾರಿನಲ್ಲಿ ಕೊಟ್ಟವು. ಯುದ್ಧ ಮುಗಿದ ಮೇಲೆ ಹಿಂತಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು ಎಂಬುದು ಕರಾರು. ಹಿಂದಕ್ಕೆ ಸಾಗಿಸುವ ಖರ್ಚು ಯಾರಿಗೆ ಬೇಕಿತ್ತು? ಕಾನ್ಪುರದ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಇನ್ನು ಯಾರೂ ಹಾರಿಸದಂತೆ ಬೇಕೆಂದೇ ಕೆಡಿಸಿದರು. ಮೈಗೆ ತೂತು ಹೊಡೆದರು, ಇಂಜಿನ್ನಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು. ಮಳೆ, ಬಿಸಿಲು, ಹಕ್ಕಿಗೂಡು ಮಿಕ್ಕ ಕೆಲಸ ಮಾಡಿದವು. ಅನ್ನ ಮಿಕ್ಕರೆ ಹಸಿದವನಿಗೆ ಕೊಡುವ ಬದಲು ಅದಕ್ಕೆ ಬೂದಿ ಕಲಸಿ ಸುರಿಯುವ ಹೋಟೆಲ್ ಧಣಿಗಳನ್ನು ನಾನು ನೋಡಿದ್ದೇನೆ. ಸಾಮ್ರಾಜ್ಯಶಾಹಿಯ ಬುದ್ಧಿಯೂ ಅಷ್ಟೇ.

1947ರ ನಂತರ ಸ್ವತಂತ್ರ ಭಾರತದ ವಾಯುಪಡೆಗೆ ದೂರ ಹಾರುವ ಭಾರಿ ಬಾಂಬರ್ ಒಂದೂ ಇರಲಿಲ್ಲ. ಹೊಸದನ್ನು ಕೊಳ್ಳಲು ಖಜಾನೆಯಲ್ಲಿ ಹಣ ಇರಲಿಲ್ಲ. ಆಗ ಕಾನ್ಪುರದ ಆ ಗುಜರಿಯನ್ನು ಎಬ್ಬಿಸಬಹುದೇ ಎಂದು ಕೇಳಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಜತೆ ಸೇರಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಕಾರ್ಖಾನೆ ಅದು, ಈಗಿನ ಎಚ್.ಎ.ಎಲ್. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯ ಅದನ್ನು ತನ್ನ ರಿಪೇರಿ ಡಿಪೋ ಮಾಡಿಕೊಂಡಿತ್ತು. ನಮ್ಮ ಹಳ್ಳಿಗಳಿಂದ ಬಂದ ಕಮ್ಮಾರರ ಮಕ್ಕಳು, ಬಡಗಿಯ ಮಕ್ಕಳು, ಕೋಲಾರದ ಗಣಿಯ ಕಡೆಯಿಂದ ಬಂದವರು ಅಲ್ಲಿ ಡಕೋಟ, ಕೆಟಲೀನ, ಲಿಬರೇಟರ್ ವಿಮಾನಗಳನ್ನು ಬಿಚ್ಚಿ ಕೂಡಿಸಿ ಕಲಿತಿದ್ದರು. ಯುದ್ಧ ಮುಗಿದೊಡನೆ ಆ ಕೆಲಸ ನಿಂತಿತು. ವಿಮಾನದ ತಗಡು ಹೊಡೆದ ಕೈಗಳು ರೈಲು ಬೋಗಿ ಕಟ್ಟಿದವು. ಆದರೆ ಕಲಿತದ್ದು ಕೈಯಲ್ಲೇ ಇತ್ತು.

1948ರಲ್ಲಿ ಈ ಕಾರ್ಖಾನೆಯ ತಂಡ ಕಾನ್ಪುರಕ್ಕೆ ಹೋಯಿತು. ಒಂದರ ಚಕ್ರ ಇನ್ನೊಂದಕ್ಕೆ, ಇನ್ನೊಂದರ ಇಂಜಿನ್ ಮತ್ತೊಂದಕ್ಕೆ ಹಾಕಿ, ಒಂದು ಸಲ ಬೆಂಗಳೂರಿಗೆ ಹಾರಿ ಬರುವಷ್ಟು ಸರಿಮಾಡಿದರು. ಹಾರಿಸಿಕೊಂಡು ಬಂದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಶಿಯವರು. ಕಾನ್ಪುರದಿಂದ ಬೆಂಗಳೂರಿಗೆ ಆಕಾಶದ ದಾರಿ ಸುಮಾರು 1,500 ಕಿಲೋಮೀಟರು. ತೇಪೆ ಹಾಕಿದ ಬಾಂಬರಿನಲ್ಲಿ ಕೂತು ಅಷ್ಟು ದೂರ ಹಾರುವುದಕ್ಕೆ ಗುಂಡಿಗೆ ಬೇಕು. ಅವರ ಹೆಸರು ಉಳಿದಿರುವುದು ನ್ಯಾಯವೇ. ಬೆಂಗಳೂರಿಗೆ ಬಂದ ಮೇಲೆ ಪ್ರತಿಯೊಂದನ್ನೂ ಪೂರ್ತಿ ಬಿಚ್ಚಿ ಹೊಸದಾಗಿ ಕೂಡಿಸಿದರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಇವೇ ವಿಮಾನಗಳಿಂದ ನಿಂತಿತು. ಒಟ್ಟು ಸುಮಾರು 40 ಲಿಬರೇಟರುಗಳು ಹೀಗೆ ಸತ್ತು ಬದುಕಿದವು. ಬ್ರಿಟಿಷರು ಗುಜರಿ ಎಂದು ಬಿಟ್ಟುಹೋದ ಈ ವಿಮಾನಗಳು 1968ರ ಕೊನೆಯವರೆಗೆ, ಅಂದರೆ ಇಪ್ಪತ್ತು ವರ್ಷ, ನಮ್ಮ ವಾಯುಪಡೆಯಲ್ಲಿ ಹಾರಿದವು. ಜಗತ್ತಿನ ಬೇರೆ ಯಾವ ಸೈನ್ಯದಲ್ಲೂ ಲಿಬರೇಟರ್ ಅಷ್ಟು ಕಾಲ ಕೆಲಸ ಮಾಡಲಿಲ್ಲ.

ಮುನ್ಶಿಯವರ ಹೆಸರು ಪುಸ್ತಕಗಳಲ್ಲಿದೆ. ಅವರು ಕೂತ ಸೀಟಿನ ಕೆಳಗೆ ತಗಡು ಹೊಡೆದವನ ಹೆಸರು ಯಾವ ಪುಸ್ತಕದಲ್ಲಿದೆ? ಒಂದೊಂದು ಲಿಬರೇಟರಿಗೂ ನಾಲ್ಕು ಇಂಜಿನ್. ಒಂದೊಂದು ಇಂಜಿನ್ನಿಗೆ ಹದಿನಾಲ್ಕು ಸಿಲಿಂಡರು, ಸಿಲಿಂಡರಿಗೆ ಎರಡು ಪ್ಲಗ್. ಲೆಕ್ಕ ಹಾಕಿರಿ: ಒಂದು ವಿಮಾನಕ್ಕೆ 56 ಸಿಲಿಂಡರು, 112 ಪ್ಲಗ್. ಅಂಥ ನಲವತ್ತು ವಿಮಾನ. ಮರಳು ಸುರಿದ ಆ ಸಿಲಿಂಡರುಗಳನ್ನು ಬಿಚ್ಚಿ ತೊಳೆದ ಕೈಗಳಿಗೆ ಲೆಕ್ಕ ಇಟ್ಟವರಾರು?

ಈ ಕೆಲಸ ಎಂಥದೆಂದು ನಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕಬ್ಬಿಣದ ತುಕ್ಕು ಕೆಂಪಗೆ ಕೂಗಿ ಹೇಳುತ್ತದೆ. ವಿಮಾನದ ಅಲ್ಯೂಮಿನಿಯಂ ಹಾಗಲ್ಲ. ಅದು ಒಳಗೊಳಗೇ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಮೇಲೆ ಬಣ್ಣ ನೆಟ್ಟಗಿರುತ್ತದೆ, ಕೆಳಗೆ ಬಿಳಿಯ ಬೂದಿ. ಆದುದರಿಂದ ಮೊದಲು ಬಣ್ಣ ಪೂರ್ತಿ ತೆಗೆಯಬೇಕು. ಅನುಮಾನ ಬಂದ ಕಡೆ ಬಣ್ಣದ ನೀರು ಹಚ್ಚಿ ಒರೆಸಿದರೆ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಗೆರೆಯಾಗಿ ಎದ್ದು ಕಾಣುತ್ತದೆ. ಡಕೋಟ ವಿಮಾನದಲ್ಲಿ ರೆಕ್ಕೆಯನ್ನು ನಡುಭಾಗಕ್ಕೆ ಕಚ್ಚಿಸಿರುವುದು ಸಾಲಾಗಿ ಇರುವ ನೂರಾರು ಬೋಲ್ಟುಗಳು. ಆ ಸಾಲಿನ ಪಟ್ಟಿಯಲ್ಲಿ ಬಿರುಕು ಇದೆಯೇ ಎಂದು ನೋಡುವವನ ಕಣ್ಣಿನ ಮೇಲೆ ಹತ್ತಿ ಕೂತವರೆಲ್ಲರ ಪ್ರಾಣ ನಿಂತಿದೆ. ಅದೇ ವಿಮಾನದ ಬಾಲದ ಚುಕ್ಕಾಣಿಗೆ ತಗಡಿಲ್ಲ, ಬಟ್ಟೆ. ಬಟ್ಟೆಯನ್ನು ಹೊಲಿದು ಬಿಗಿದು, ಡೋಪ್ ಎಂಬ ವಾರ್ನಿಷು ಮತ್ತೆ ಮತ್ತೆ ಬಳಿದು ಡೋಲಿನಂತೆ ಬಿಗಿಮಾಡಬೇಕು. ಅದು ದರ್ಜಿಯ ಕೆಲಸ. ರಬ್ಬರಿನ ಕೊಳವೆ, ವೈರು, ಪೆಟ್ರೋಲ್ ಟ್ಯಾಂಕಿನ ಸಂದು ಇವೆಲ್ಲ ನಿಂತಲ್ಲೇ ಕೊಳೆಯುವ ವಸ್ತುಗಳು. ನೋಡಲು ಚೆನ್ನಾಗಿದ್ದರೂ ತೆಗೆದು ಬಿಸಾಡಬೇಕು.

ಇಂಜಿನ್ನಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ಹಳೆಯ ಗುಂಡು ಇಂಜಿನ್ನುಗಳಲ್ಲಿ ಸಿಲಿಂಡರುಗಳು ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಇರುತ್ತವೆ. ನಿಂತಾಗ ಎಣ್ಣೆ ಇಳಿದು ಕೆಳಗಿನ ಸಿಲಿಂಡರಿನಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟು ಮಾಡಿದರೆ ಒಳಗಿನ ರಾಡು ಬಾಗಿಹೋಗುತ್ತದೆ. ಅದಕ್ಕೆ ಮೊದಲು ಕೆಲಸಗಾರರು ಪಂಖದ ಅಲಗನ್ನು ಕೈಯಿಂದ ತಳ್ಳಿ ಸುತ್ತಿಸಿ, ತಡೆ ಬಂದರೆ ಅಲ್ಲೇ ನಿಲ್ಲಿಸಿ, ಕೆಳಗಿನ ಪ್ಲಗ್ಗು ಬಿಚ್ಚಿ ಎಣ್ಣೆ ಇಳಿಸಬೇಕು. ಎಷ್ಟು ತಡೆ ಬಂದರೆ ನಿಲ್ಲಿಸಬೇಕು ಎಂಬುದು ಕೈಗೆ ಗೊತ್ತಾಗಬೇಕಾದದ್ದು. ಹಿಟ್ಟು ಹದಕ್ಕೆ ಬಂದದ್ದು ಗೊತ್ತಾಗುವ ಹಾಗೆ. ಹಿಂದೆ ಕೂತು ಹೇಳಿಕೊಡುವವರು ಇಲ್ಲದೆ ಬರೆದ ಕಾಗದದಿಂದ ಅದು ಬರುವುದಿಲ್ಲ.

ಇಷ್ಟೆಲ್ಲ ಮಾಡಿ ಬದುಕಿಸಿದ ಲಿಬರೇಟರುಗಳು ಏನಾದವು? 1968ರ ನಂತರ ಹೆಚ್ಚಿನವು ತೂಕದ ಲೆಕ್ಕದಲ್ಲಿ ಹೋದವು. ಒಂದನ್ನು ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಉಳಿದ ಕೆಲವು ಕೆನಡಕ್ಕೆ, ಅಮೆರಿಕಕ್ಕೆ, ಇಂಗ್ಲೆಂಡಿಗೆ ಹೋದವು. 1974ರಲ್ಲಿ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂಗೆ ಹೋದದ್ದು ಇಲ್ಲಿಂದ ಹಾರಿಕೊಂಡೇ ಹೋಯಿತು! ಯಾವ ಬ್ರಿಟಿಷರು ಅದನ್ನು ಕೆಡಿಸಿ ಬಿಟ್ಟುಹೋಗಿದ್ದರೋ ಅವರ ಮನೆಯ ಬಾಗಿಲಿಗೆ, ನಮ್ಮ ಕೆಲಸಗಾರರು ಬದುಕಿಸಿದ ವಿಮಾನ ತಾನಾಗಿಯೇ ಹಾರಿ ಹೋಗಿ ಇಳಿಯಿತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಕಾರ್ಖಾನೆಗೆ ಬೇಕು? ಇನ್ನೊಂದನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಎಂಬ ಸಂಸ್ಥೆ 1984ರಲ್ಲಿ ಪಡೆದು, ಪೂರ್ತಿ ಸರಿಮಾಡಿಸಿ, 1989ರಲ್ಲಿ ಮತ್ತೆ ಹಾರಿಸಿತು. ಅದನ್ನು ಕಂಡು ಕಣ್ಣರಳಿಸಿದ ಅಮೆರಿಕದ ಜನರಲ್ಲಿ ಎಷ್ಟು ಮಂದಿಗೆ ಬೆಂಗಳೂರಿನ ಹೆಸರು ಗೊತ್ತಿತ್ತೋ ತಿಳಿಯದು.

ಈಗ ನಮ್ಮ ಕಾಲದ ಮಾತು. 2018ರಲ್ಲಿ ಪರಶುರಾಮ ಎಂಬ ಹೆಸರಿನ ಡಕೋಟ ವಿಮಾನ ನಮ್ಮ ವಾಯುಪಡೆಗೆ ಬಂತು. ಆಗ ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ಅವರು ಅದನ್ನು 2011ರಲ್ಲಿ ಐರ್ಲೆಂಡಿನ ಗುಜರಿಯಿಂದ ಕೊಂಡು, ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿಸಿ, ಉಡುಗೊರೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ನಮ್ಮ ಸಿಪಾಯಿಗಳನ್ನು ಮೊದಲು ಇಳಿಸಿದ ಡಕೋಟದ ಸಂಖ್ಯೆ ವಿ.ಪಿ. 905, ಅದರ ನೆನಪಿಗೆ ಅದೇ ಸಂಖ್ಯೆಯನ್ನು ಇದಕ್ಕೂ ಬರೆದರು. 2018ರ ಏಪ್ರಿಲ್ 17ರಂದು ಇಂಗ್ಲೆಂಡಿನ ಕಾವೆಂಟ್ರಿಯಿಂದ ಹೊರಟು, ಯೂರೋಪ್, ಅರಬರ ನಾಡುಗಳನ್ನು ದಾಟಿ, 25ರಂದು ಜಾಮ್‌ನಗರದಲ್ಲಿ ಇಳಿಯಿತು. ಮೇ 4ರಂದು ಹಿಂಡನ್‌ನಲ್ಲಿ ಸಮಾರಂಭವಾಯಿತು. ಮಗನಾದವನು ತಂದೆಯ ನೆನಪಿಗೆ ಮಾಡಿದ ಕೆಲಸಕ್ಕೆ ನಾವು ಕಲ್ಲು ಹಾಕುವವರಲ್ಲ. ವಿಮಾನ ಬಂದದ್ದು ಒಳ್ಳೆಯದೇ ಆಯಿತು.

ನಮ್ಮ ಜಗಳ ಬೇರೆ. ಅದೇ ಡಕೋಟ ಜಾತಿಯ ವಿಮಾನವನ್ನು ಬೆಂಗಳೂರಿನ ಕಾರ್ಖಾನೆ ಯುದ್ಧಕಾಲದಲ್ಲೂ ಆಮೇಲೆಯೂ ಎಷ್ಟೋ ಬಿಚ್ಚಿ ಕೂಡಿಸಿದೆ. ಅದರ ಇಂಜಿನ್ ಯಾವುದು? ಲಿಬರೇಟರಿಗೆ ಇದ್ದದ್ದೇ: ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಹದಿನಾಲ್ಕು ಸಿಲಿಂಡರಿನ ಟ್ವಿನ್ ವಾಸ್ಪ್, ಸುಮಾರು 1,200 ಕುದುರೆ ಶಕ್ತಿ. ಲಿಬರೇಟರಿಗೆ ನಾಲ್ಕು, ಡಕೋಟಕ್ಕೆ ಎರಡು, ಅಷ್ಟೇ ವ್ಯತ್ಯಾಸ. 1948ರಲ್ಲಿ ಮರಳು ತುಂಬಿದ ನಾಲ್ಕು ಇಂಜಿನ್ನಿನ ವಿಮಾನವನ್ನು ಎಬ್ಬಿಸಿದ ಊರಿಗೆ, ಎಪ್ಪತ್ತು ವರ್ಷ ಕಳೆದ ಮೇಲೆ ಎರಡು ಇಂಜಿನ್ನಿನದು ಇಂಗ್ಲೆಂಡಿನಲ್ಲಿ ಸರಿಯಾಗಿ ಬರಬೇಕಾಯಿತೇ? 2012ರ ಅಕ್ಟೋಬರಿನ ವಾಯುಪಡೆ ದಿನದಂದು ಹಿಂಡನ್‌ನಲ್ಲಿ ಹಾರಿದ ಟೈಗರ್ ಮಾತ್ ಕೂಡ ಇಂಗ್ಲೆಂಡಿನಲ್ಲೇ ಸರಿಯಾಗಿ ಬಂದದ್ದು. ಟೈಗರ್ ಮಾತ್ ಎಂದರೆ ಮರ, ಬಟ್ಟೆ, ತಂತಿ. ಮರ ಕೆತ್ತುವವರಿಗೂ ಬಟ್ಟೆ ಹೊಲಿಯುವವರಿಗೂ ಈ ದೇಶದಲ್ಲಿ ಬರ ಬಂದಿದೆಯೇ?

ಇದಕ್ಕೆ ದೊಡ್ಡವರ ಉತ್ತರ ಗೊತ್ತಿದೆ. ಹಳೆಯ ಇಂಜಿನ್ನಿನ ಬಿಡಿಭಾಗ ಅಲ್ಲಿ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಪ್ರತಿ ಭಾಗಕ್ಕೂ ಕಾಗದ ಪತ್ರ ಬೇಕು. ಬಲ್ಲ ಕೈಗಳು ಅಲ್ಲಿವೆ. ಇದರಲ್ಲಿ ಸುಳ್ಳೇನೂ ಇಲ್ಲ. ಕಾಗದವಿಲ್ಲದ ಒಂದು ಬೋಲ್ಟನ್ನೂ ವಿಮಾನಕ್ಕೆ ಹಾಕಕೂಡದು. ಅದು ನ್ಯಾಯವಾದ ಕಾನೂನು. ಆದರೆ ಬಲ್ಲ ಕೈಗಳು ಅಲ್ಲಿ ಏಕಿವೆ? ಬ್ರಿಟನ್ನಿನ ವಾಯುಪಡೆ 1957ರಲ್ಲೇ ತನ್ನ ಹಳೆಯ ಯುದ್ಧ ವಿಮಾನಗಳನ್ನು ಹಾರಿಸಲು ಒಂದು ಬೇರೆ ತಂಡ ಕಟ್ಟಿ, ಇವತ್ತಿನವರೆಗೂ ಅದನ್ನು ಮುರಿಯದೆ ನಡೆಸಿಕೊಂಡು ಬಂದಿದೆ. ಕೆಲಸ ಇದ್ದಲ್ಲಿ ವಿದ್ಯೆ ಇರುತ್ತದೆ. ನಾವು 1968ರಲ್ಲಿ ವಿಮಾನವನ್ನು ಗುಜರಿಗೆ ಹಾಕಿದೆವು, ಅದನ್ನು ಬಲ್ಲವನನ್ನು ವಯಸ್ಸಾದಾಗ ಹೂವಿನ ಹಾರ, ಗಡಿಯಾರ ಕೊಟ್ಟು ಮನೆಗೆ ಕಳುಹಿಸಿದೆವು. ಅವನ ಪಕ್ಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿರಲಿಲ್ಲ. ಈಗಲೂ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ಬಂದು ಹನ್ನೊಂದು ತಿಂಗಳಿಗೆ ಹೋಗುವ ಹುಡುಗನ ಕೈಗೆ ಯಾವ ವಿದ್ಯೆ ಹತ್ತೀತು? ನಾನಿದ್ದ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ರುಬ್ಬುವ ಯಂತ್ರವನ್ನು ಇಪ್ಪತ್ತು ವರ್ಷ ಸರಿಮಾಡಿಕೊಂಡು ಬಂದ ಒಬ್ಬರಿದ್ದರು. ಹೊಸ ಯಂತ್ರ ಬಂದ ದಿನ ಅವರನ್ನು ಬಿಡಿಸಿದರು. ಮೂರು ತಿಂಗಳಿಗೆ ಹೊಸದು ಕೆಟ್ಟು ನಿಂತಾಗ ಕಂಪನಿಯವನಿಗಾಗಿ ಐದು ದಿನ ಕಾದರು. ನಾವು ಕೈಯಲ್ಲಿ ರುಬ್ಬಿದೆವು.

ಪೆಟ್ರೋಲಿನ ತೊಂದರೆಯೊಂದನ್ನು ಹೇಳುತ್ತಿದ್ದರು. ಈ ಹಳೆಯ ಇಂಜಿನ್ನುಗಳು ಈಗಿನ ಜೆಟ್ ವಿಮಾನದ ಸೀಮೆಎಣ್ಣೆ ಕುಡಿಯುವುದಿಲ್ಲ, ಅವಕ್ಕೆ ಏವ್‌ಗ್ಯಾಸ್ ಎಂಬ ಬೇರೆ ಪೆಟ್ರೋಲೇ ಬೇಕು. ಅದು ಹೊರದೇಶದಿಂದಲೇ ಬರಬೇಕಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ತನ್ನ ಗುಜರಾತಿನ ರಿಫೈನರಿಯಲ್ಲಿ ಅದನ್ನು ತಯಾರಿಸಿ ಹೊರತಂದಿತು. ಆ ನೆವವೂ ಮುಗಿಯಿತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹಳೆಯ ವಿಮಾನ ಹಾರಿಸುವುದು ಮಕ್ಕಳ ಆಟವಲ್ಲ. ಮೇಲೆ ಹೇಳಿದ ಕಾಲಿಂಗ್ಸ್ ಸಂಸ್ಥೆಯದೇ ಬಿ-17 ಎಂಬ ಹಳೆಯ ಬಾಂಬರ್ 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಿದ್ದು, ಒಳಗಿದ್ದ ಹದಿಮೂರು ಜನರಲ್ಲಿ ಏಳು ಮಂದಿ ಸತ್ತರು. ತನಿಖೆಯಲ್ಲಿ ಪೈಲಟನ ತಪ್ಪಿನ ಜತೆಗೆ ರಿಪೇರಿಯ ಅಸಡ್ಡೆಯೂ ಹೊರಬಿತ್ತು. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವಿನ ತಂತಿ ಬಿಚ್ಚಿಕೊಂಡಿತ್ತು, ಪ್ಲಗ್ಗುಗಳು ಕೆಟ್ಟಿದ್ದವು. ಹಣವಿತ್ತು, ಅಭಿಮಾನವಿತ್ತು, ಬಣ್ಣವೂ ಫಳಫಳ ಹೊಳೆಯುತ್ತಿತ್ತು. ಪ್ರತಿ ದಿನ ಪ್ಲಗ್ಗು ಬಿಚ್ಚಿ ನೋಡುವ, ಸರಿಯಿಲ್ಲದಿದ್ದರೆ ಇವತ್ತು ಹಾರುವುದಿಲ್ಲ ಎಂದು ಧಣಿಯ ಮುಖಕ್ಕೆ ಹೇಳುವ ಕೆಲಸಗಾರನಿಗೆ ಅಲ್ಲಿ ಬೆಲೆಯಿರಲಿಲ್ಲ. ನೌಕರಿ ಭದ್ರವಿಲ್ಲದವನು ಹಾಗೆ ಹೇಳಲಾರ. ನೌಕರಿಯ ಭದ್ರತೆ ಬೇಡುವುದು ಸೋಮಾರಿಗಳ ಕೂಗು ಎನ್ನುವ ಪಂಡಿತರು ಆ ಏಳು ಹೆಣಗಳಿಗೆ ಉತ್ತರ ಹೇಳಲಿ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡದಕ್ಕೆ ಕೈ ಹಾಕುವ ಮುಂಚೆ ಚಿಕ್ಕದರಿಂದ ಶುರು ಮಾಡಲಿ. ಬೆಂಗಳೂರಿನ ಕಾರ್ಖಾನೆಯೇ ತಯಾರಿಸಿದ ಪುಷ್ಪಕ ಎಂಬ ಎರಡು ಸೀಟಿನ ವಿಮಾನವಿದೆ. 1958ರಲ್ಲಿ ಮೊದಲು ಹಾರಿತು. ನೂರೈವತ್ತರಷ್ಟು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಹೋದವು. ಉಕ್ಕಿನ ಕೊಳವೆಯ ಮೈ, ಬಟ್ಟೆಯ ಹೊದಿಕೆ, ತೊಂಬತ್ತು ಕುದುರೆ ಶಕ್ತಿಯ ಇಂಜಿನ್. ಯಾವುದಾದರೂ ಹ್ಯಾಂಗರಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಒಂದನ್ನು ತಂದು, ಐ.ಟಿ.ಐ. ಮುಗಿಸಿದ ಹತ್ತು ಹುಡುಗ ಹುಡುಗಿಯರನ್ನು 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಸ್ಟೈಪೆಂಡ್ ಕೊಟ್ಟು ಸೇರಿಸಿಕೊಂಡು, ನಿವೃತ್ತರಾದ ಹಳೆಯ ಫಿಟ್ಟರುಗಳನ್ನು ದಿನದ ಸಂಬಳ ಕೊಟ್ಟು ಗುರುಗಳಾಗಿ ಕರೆಸಲಿ. ಕೆಲಸ ಮುಗಿದ ದಿನ ಜಕ್ಕೂರಿನ ಮೈದಾನದಲ್ಲಿ ಹಾರಿಸಲಿ. ಪುಷ್ಪಕ ಹಾರಿದ ಮೇಲೆ ದೊಡ್ಡದರ ಮಾತು. ಪಾಲಂನಲ್ಲಿರುವ ಲಿಬರೇಟರನ್ನು ಬಿಚ್ಚಿ ನೋಡುವ ಧೈರ್ಯ ಆಗ ಬಂದೀತು. ಹಾರುವುದೋ ಇಲ್ಲವೋ, ಒಳಗೆ ಹುಳು ತಿಂದಿದೆಯೇ ಎಂದಾದರೂ ತಿಳಿದೀತು. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ವಿಮಾನಗಳೂ ನಿವೃತ್ತಿಯಾದವು. ಊರೂರಿನ ವೃತ್ತಗಳಲ್ಲಿ ಅವನ್ನು ಕಂಬದ ಮೇಲೆ ನಿಲ್ಲಿಸುವ ಉತ್ಸಾಹ ಈಗಾಗಲೇ ಕಾಣುತ್ತಿದೆ. ಕಂಬಕ್ಕೆ ಏರಿಸುವುದೊಂದೇ ನಮಗೆ ಗೊತ್ತಿರುವ ಮರ್ಯಾದೆ!

ಮತ್ತೊಂದು ಬೇಡಿಕೆ ಇದೆ. ಇದಕ್ಕೆ ಸರಕಾರದ ಹಣ ಹೆಚ್ಚು ಬೇಕಾಗಿಲ್ಲ. 2001ರಿಂದ ಬೆಂಗಳೂರಿನಲ್ಲಿ ಎಚ್.ಎ.ಎಲ್. ಮ್ಯೂಸಿಯಂ ಇದೆ. ಅಲ್ಲಿ ಲಿಬರೇಟರ್ ಕೆಲಸ ಮಾಡಿದವರ ಹೆಸರುಗಳ ಒಂದು ಹಲಗೆ ಹಾಕಲಿ. ಅಧಿಕಾರಿಗಳ ಹೆಸರಿನ ಕೆಳಗೆ ಇತರರು ಎಂದು ಬರೆದು ಮುಗಿಸುವ ಹಲಗೆ ಬೇಡ. ತಗಡು ಹೊಡೆದವನು, ಬಟ್ಟೆ ಹೊಲಿದವನು, ಪ್ಲಗ್ಗು ತೊಳೆದವನು, ಕ್ಯಾಂಟೀನಿನಲ್ಲಿ ಅವರಿಗೆ ಚಹ ಕಾಸಿದವನು ಎಲ್ಲರದೂ ಇರಲಿ. ಹಳೆಯ ಹಾಜರಿ ಪುಸ್ತಕ, ಸಂಬಳದ ಪುಸ್ತಕ ಎಲ್ಲಾದರೂ ಕಟ್ಟು ಕಟ್ಟಿ ಇಟ್ಟಿದ್ದರೆ ಗೆದ್ದಲು ಹತ್ತುವ ಮುಂಚೆ ತೆಗೆಸಲಿ.

ಆ ಕಾಲದಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಇಂದು ನೂರರ ಹತ್ತಿರ ವಯಸ್ಸು. ಬದುಕಿರುವವರು ಬಹಳ ಕಡಿಮೆ. ಆದರೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ. ಈ ಪತ್ರಿಕೆ ಓದುವವರಲ್ಲಿ ಯಾರ ಮನೆಯಲ್ಲಾದರೂ ತಂದೆಯೋ ಅಜ್ಜನೋ ವಿಮಾನ ಕಾರ್ಖಾನೆಯಲ್ಲಿ 1940ರಿಂದ 1950ರವರೆಗಿನ ವರ್ಷಗಳಲ್ಲಿ ದುಡಿದಿದ್ದರೆ, ಕಾನ್ಪುರಕ್ಕೆ ಹೋಗಿ ಬಂದ ಮಾತು ಮನೆಯಲ್ಲಿ ನಡೆದಿದ್ದರೆ, ಹೆಸರು, ವಿಭಾಗ, ಟೋಕನ್ ನಂಬರು, ನೆನಪಿರುವ ಇಸವಿ ಇಷ್ಟನ್ನು ಬರೆದು ಸಂಘದ ಕಚೇರಿಗೆ ಕಳುಹಿಸಿರಿ. ಕಾರ್ಡಿನಲ್ಲಿ ಬರೆದರೆ ಸಾಕು. ಹಳೆಯ ಫೋಟೋ ಇದ್ದರೆ ಮೂಲ ಪ್ರತಿ ಕಳುಹಿಸಬೇಡಿ, ನಕಲು ಮಾಡಿಸಿ ಕಳುಹಿಸಿರಿ. ಫೋಟೋದ ಹಿಂದೆ ಯಾರು ಯಾರು ಎಂದು ಎಡದಿಂದ ಬಲಕ್ಕೆ ಬರೆದಿರಲಿ. ಬಂದ ಹೆಸರುಗಳನ್ನೆಲ್ಲ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಆಮೇಲೆ ಪಟ್ಟಿಯನ್ನು ಕಾರ್ಖಾನೆಯ ಬಾಗಿಲಿಗೆ ಒಯ್ಯುತ್ತೇವೆ.